ಮುನಿವೆಂಕಟಪ್ಪನಿಗೊಂದು ತುಳಿಯುವ ದೋಣಿ

ತನಗೆ ಯಾವ ಸಂಬಂಧವೂ ಇಲ್ಲದ ವಿಷಯದಲ್ಲಿ ಮನುಷ್ಯನಿಗೆ ಬರುವ ಉತ್ಸಾಹ ಸ್ವಂತ ಕೆಲಸದಲ್ಲಿ ಬರುವುದಿಲ್ಲ. ನನ್ನನ್ನೇ ನೋಡಿ. ಮುಳಬಾಗಿಲಿನಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆದುಕೊಂಡಿರುವವನು ನಾನು. ಮೀನು ತಿನ್ನುವ ಮನೆತನವಲ್ಲ. ಈಜು ಬರುವುದಿಲ್ಲ. ಗ್ರಹಣ ಬಿಟ್ಟ ಮೇಲಿನ ಸ್ನಾನವನ್ನೂ ಬಚ್ಚಲಿನಲ್ಲಿ ಬಿಂದಿಗೆಯಿಂದಲೇ ಮುಗಿಸುವವನು. ಇಂಥವನು ಒಂದು ಚಳಿಗಾಲವಿಡೀ, ಮೀನು ಹಿಡಿಯುವ ದೋಣಿ ಎಷ್ಟು ಅಗಲವಿರಬೇಕು, ಗಾಳದ ಕೋಲನ್ನು ಅದರಲ್ಲಿ ಎಲ್ಲಿ ಸಿಕ್ಕಿಸಬೇಕು ಎಂದು ತಲೆ ಕೆಡಿಸಿಕೊಂಡು ಓಡಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಸರೋಜಳೂ ಪೂರ್ತಿ ನಂಬಿರಲಿಲ್ಲ. "ರೀ, ನಮ್ಮನೆ ನಲ್ಲಿ ಸೋರೋಕೆ ಶುರುವಾಗಿ ಯಾವ ಕಾಲವಾಯ್ತು. ಆ ನೀರಿನ ಕಡೆ ಒಂಚೂರು ನೋಡಿ, ಕೆರೆ ನೀರು ಆಮೇಲೆ ನೋಡ್ಕೊಳ್ಳಿ" ಎನ್ನುತ್ತಿದ್ದಳು.

ಇದಕ್ಕೆಲ್ಲ ಕಾರಣ ಮುನಿವೆಂಕಟಪ್ಪ. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು. ನಾನು ಓದಿ ಲೆಕ್ಕ ಬರೆಯುವವನಾದೆ, ಅವನು ಓದು ಬಿಟ್ಟು ಬೈರಕೂರಿನ ಕಡೆ ಅಪ್ಪನ ಜಮೀನು ನೋಡಿಕೊಂಡ. ಟೊಮೇಟೊ, ಹಿಪ್ಪುನೇರಳೆ, ಒಂದಷ್ಟು ಮಾವಿನ ಮರ. ನಮ್ಮ ಕಡೆ ಕೆರೆ ತುಂಬುವುದೇ ಅಪರೂಪ. ತುಂಬಿದ ವರ್ಷ ಮಾತ್ರ ಅವನನ್ನು ಹಿಡಿಯುವವರಿಲ್ಲ. ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಮೇಲೆ ಹಲಗೆ ಕಟ್ಟಿ ಕೂತು, ಎರಡೂ ಕೈಯಲ್ಲಿ ನೀರು ತಳ್ಳಿಕೊಂಡು ಕೆರೆಯ ನಡುವಿಗೆ ಹೋಗಿ ಗಾಳ ಹಾಕುತ್ತಿದ್ದ. ಸಂಜೆ ಬರುವಾಗ ಕೈಯಲ್ಲಿ ಮೀನು ಇರುತ್ತಿತ್ತೋ ಇಲ್ಲವೋ, ಮುಖ ಮಾತ್ರ ಮದುವೆ ಊಟ ಮುಗಿಸಿ ಬಂದವನ ಹಾಗಿರುತ್ತಿತ್ತು.

ಆ ವರ್ಷ ಮಾವು ಕೀಳುವಾಗ ಕೊಂಬೆ ಮುರಿದು ಬಿದ್ದ. ಬಲ ಭುಜ ಹೋಯಿತು. ಆಸ್ಪತ್ರೆ, ಮೂಳೆಗೆ ಪುತ್ತೂರು ಕಟ್ಟು, ಎಣ್ಣೆ ಎಲ್ಲ ಆಯಿತು. ಕೈ ಉಳಿಯಿತು, ಆದರೆ ಸೊಂಟದಿಂದ ಮೇಲೆ ಏಳಲಿಲ್ಲ, ಹಿಡಿತವೂ ಬರಲಿಲ್ಲ. ವಿಧಿಯ ಚೇಷ್ಟೆ ನೋಡಿ, ಆ ವರ್ಷವೇ ಮಳೆ ಸುರಿದು ಕೆರೆ ಕೋಡಿ ಬಿತ್ತು. ಒಂದು ದಿನ ಮುನಿವೆಂಕಟಪ್ಪ ಯಾರಿಗೂ ಹೇಳದೆ ಟ್ಯೂಬ್ ತೆಗೆದುಕೊಂಡು ಹೋಗಿ ನೀರಿಗಿಳಿದ. ಒಂದೇ ಕೈಯಲ್ಲಿ ತಳ್ಳಿದರೆ ಟ್ಯೂಬ್ ಮುಂದಕ್ಕೆಲ್ಲಿ ಹೋಗುತ್ತದೆ? ನಿಂತಲ್ಲೇ ಗರಗರ ಸುತ್ತಿತು. ಕಟ್ಟೆಯ ಮೇಲೆ ಕೂತಿದ್ದವರು ನಕ್ಕರು. ಕೆಟ್ಟವರೇನಲ್ಲ, ಅಂಥದ್ದನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಅವನು ಮನೆಗೆ ಬಂದು ಟ್ಯೂಬನ್ನು ಕುಡುಗೋಲಿನಿಂದ ಕುಯ್ದು ತಿಪ್ಪೆಗೆಸೆದ. ಅಂದಿನಿಂದ ಜಗಲಿ ಬಿಟ್ಟು ಏಳಲಿಲ್ಲ.

ನಾನು ಭಾನುವಾರ ತಪ್ಪದೆ ಹೋಗುತ್ತಿದ್ದೆ. ಜಗಲಿಯ ಮೇಲೆ ಅವನ ಎದುರಿಗೆ ಕೂತು ಧೈರ್ಯ ಹೇಳುತ್ತಿದ್ದೆ. ಧೈರ್ಯ ಹೇಳುವುದರಲ್ಲಿ ನಾನು ನಿಪುಣ. ಯಾರ್‍ಯಾರೋ ಕೈಯಿಲ್ಲದವರು, ಕಣ್ಣಿಲ್ಲದವರು ಏನೇನು ಸಾಧಿಸಿದರು ಎಂದೆಲ್ಲ ವಿವರಿಸಿ, ನಡುವೆ ರಾಜಕೀಯ, ನನ್ನ ಮಂಡಿ ನೋವು, ತೆರಿಗೆ ಕಾನೂನು ಎಲ್ಲವನ್ನೂ ಸೇರಿಸುತ್ತಿದ್ದೆ. ಅವನು ತಲೆಯಾಡಿಸುತ್ತ ಕೇಳುತ್ತಿದ್ದ. ಹೀಗೊಂದು ಭಾನುವಾರ ಅವನ ಹೆಂಡತಿ ರತ್ನಮ್ಮ ಕಾಫಿ ತಂದಿಟ್ಟು, "ಅಣ್ಣಾ, ಮಾತಾಡಿದ್ದು ಸಾಕು, ಏನಾದ್ರೂ ಮಾಡು. ಈ ಮನುಷ್ಯ ನಕ್ಕು ಎಷ್ಟೋ ದಿನ ಆಯ್ತು" ಎಂದಳು. ಆಗ ಮುನಿವೆಂಕಟಪ್ಪನ ಕಾಲುಗಳ ಕಡೆ ನನ್ನ ದೃಷ್ಟಿ ಹೋಯಿತು. ಜೀವಮಾನವೆಲ್ಲ ಸೈಕಲ್ ತುಳಿದ ಕಾಲುಗಳು. ಅವಕ್ಕೇನಾಗಿತ್ತು?

"ಲೇ ಮುನಿ, ಕಾಲಲ್ಲಿ ತುಳಿಯೋ ದೋಣಿ ಇದ್ರೆ?"

"ಕೊಕ್ಕರೆ ಮೂತಿ ಇರ್ತದಲ್ಲ, ಪಾರ್ಕಲ್ಲಿ, ಅದಾ? ಅದ್ರಲ್ಲಿ ಕೂತು ನಾನು ಗಾಳ ಹಾಕ್ಬೇಕಾ? ಹೋಗೋ ಸೀನಾ."

ಆದರೆ ಹೋಗೋ ಎಂದವನು ಆ ಸಂಜೆಯೆಲ್ಲ ಅದೇ ಮಾತಾಡಿದ. ನಂಗಲಿಯಲ್ಲಿ ಲಾರಿಗಳಿಗೆ ವೆಲ್ಡಿಂಗ್ ಮಾಡುವ ಬಾಷಾ ನಮ್ಮಿಬ್ಬರಿಗೂ ಪರಿಚಯ. ಡ್ರೈವರುಗಳಿಂದ ಲೋಕದ ಸುದ್ದಿಯೆಲ್ಲ ಅವನಿಗೆ ಬರುತ್ತದೆ. ಹೊಸಕೋಟೆ ಕಡೆಯ ರೆಸಾರ್ಟೊಂದು ಮುಚ್ಚಿಹೋಗಿ, ಅಲ್ಲಿನ ಪುಟ್ಟ ದೋಣಿಗಳನ್ನು ಮಾರುತ್ತಿದ್ದಾರೆ ಎಂದು ಅವನೇ ಹೇಳಿದ. ನಾನೂ ಮುನಿವೆಂಕಟಪ್ಪನೂ ಬಸ್ಸು ಹತ್ತಿದೆವು. ಅಲ್ಲಿದ್ದವು ಎರಡು. ಅವಕ್ಕೆ ಕಯಾಕ್ ಎನ್ನುತ್ತಾರೆ ಎಂದು ಅಲ್ಲಿನವರು ತಿಳಿಸಿದರು. ಒಂದು ಕೆಂಪಗೆ, ಉದ್ದಕ್ಕೆ, ಮೂತಿ ಚೂಪಾಗಿ, ಈಟಿಯ ಹಾಗಿತ್ತು. ಇನ್ನೊಂದು ಬಣ್ಣ ಮಾಸಿದ ಹಳದಿ. ಗಿಡ್ಡ, ಹೊಟ್ಟೆ ಅಗಲ. ನಾನು ಕೆಂಪು ದೋಣಿಗೆ ಮನಸೋತು ಅದರ ವೇಗದ ಬಗ್ಗೆ ಭಾಷಣ ಶುರುಮಾಡಿದೆ. ಮುನಿವೆಂಕಟಪ್ಪ ಎರಡನ್ನೂ ಎಡಗೈಯಿಂದ ಅಲುಗಿಸಿ ನೋಡಿ, "ಮೀನು ಅಲ್ಲೇ ಇರ್ತದೆ ಕಣೋ, ನಾನೇನು ಬಸ್ ಹಿಡೀಬೇಕಾ? ನಂಗೆ ಬೇಕಾಗಿರೋದು ಮಗುಚದೆ ಇರೋದು" ಎಂದು ಹಳದಿಯದನ್ನು ಆರಿಸಿದ.

ಶ್ರೀನಿವಾಸಪುರಕ್ಕೆ ಖಾಲಿ ವಾಪಸ್ಸಾಗುತ್ತಿದ್ದ ಟೊಮೇಟೊ ವ್ಯಾಪಾರಿಯ ಲಾರಿಯೊಂದು ನಮ್ಮ ಮೇಲೆ ದಯೆ ತೋರಿ, ನಂಗಲಿಯವರೆಗೆ ಬಂದು ದೋಣಿ ಇಳಿಸಿ ಹೋಯಿತು. ಟೀ ಅಂಗಡಿಯವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏಮನ್ನಾ ಇದಿ, ಗೊಡ್ಲಕು ನೀಳ್ಳು ಪೆಟ್ಟೇದಾ?" ಎಂದ. ದನಗಳಿಗೆ ನೀರಿಡುವ ತೊಟ್ಟಿ ಎಂದುಕೊಂಡಿದ್ದ. ಬಾಷಾ ಹಳೇ ಸೈಕಲ್ಲಿನ ಪೆಡಲು, ಚೈನು, ಹಿಂದಿನ ಚಕ್ರದ ಹಲ್ಲುಗಾಲಿ ತೆಗೆದು, ದೋಣಿಯ ಹಿಂದೆ ತಗಡಿನ ರೆಕ್ಕೆಗಳ ಚಕ್ರ ಕೂರಿಸಿದ. ಪ್ಲಾಸ್ಟಿಕ್ ಕುರ್ಚಿಯ ಕಾಲು ಕತ್ತರಿಸಿ ಸೀಟು ಮಾಡಿದ. ದಿಕ್ಕು ತಿರುಗಿಸಲು ಎಡಗೈಗೆ ಸಿಗುವ ಹಾಗೆ ಒಂದು ಸರಳು. ಗಾಳದ ಕೋಲು ನಿಲ್ಲಿಸಲು ಪೈಪಿನ ತುಂಡು ಬಲಕ್ಕಿರಲಿ ಎಂದೆ ನಾನು. "ಬಲಕ್ಕಿದ್ರೆ ಎಳೆಯೋರು ಯಾರೋ, ನೀನಾ?" ಎಂದ ಮುನಿವೆಂಕಟಪ್ಪ. ಪೈಪು ಎಡಕ್ಕೆ ಹೋಯಿತು. ರತ್ನಮ್ಮನ ಹಟಕ್ಕೆ ಎರಡೂ ಬದಿ ಬಿದಿರು ಕಟ್ಟಿ ಖಾಲಿ ಎಣ್ಣೆ ಕ್ಯಾನುಗಳನ್ನು ತೂಗುಹಾಕಿದ್ದಾಯಿತು. ಎಲ್ಲ ಮುಗಿದಾಗ ಅದು ದೋಣಿಗಿಂತ ಹೆಚ್ಚಾಗಿ ಊರೂರು ತಿರುಗುವ ಪಾತ್ರೆ ವ್ಯಾಪಾರಿಯ ಗಾಡಿಯಂತಿತ್ತು.

ನೀರಿಗಿಳಿಸುವ ದಿನ ರತ್ನಮ್ಮ ಗಂಡನಿಗೆ ಅಡ್ಡ ನಿಂತಳು. "ಮೊದ್ಲು ಅಣ್ಣ ಹತ್ತಲಿ. ಅಣ್ಣ ಮುಳುಗದೆ ವಾಪಸ್ ಬಂದ್ರೆ ಆಮೇಲೆ ನೀನು." ನ್ಯಾಯವಾಗಿಯೇ ಇತ್ತು, ನನಗೆ ಮಾತ್ರ ಹಾಗನ್ನಿಸಲಿಲ್ಲ. ಸೊಂಟಕ್ಕೆ ಬೇರೊಂದು ಟ್ಯೂಬ್, ದೋಣಿಗೆ ಹಗ್ಗ, ಹಗ್ಗದ ತುದಿ ಬಾಷಾನ ಕೈಯಲ್ಲಿ. ದೇವರ ಹೆಸರು ಹೇಳಿ ತುಳಿದೆ. ದೋಣಿ ಹೊರಟೇಬಿಟ್ಟಿತು! ನಾನು ಖುಷಿಗೆ ಸರಳು ತಿರುಗಿಸಿದ್ದೇ ತಪ್ಪಾಯಿತು, ಸೀದಾ ಜೊಂಡಿನೊಳಗೆ ನುಗ್ಗಿತು. ಹಿಂದಕ್ಕೆ ಬರೋಣವೆಂದು ಹಿಂದಕ್ಕೆ ತುಳಿದರೆ ಸೈಕಲ್ಲಿನ ಹಾಗೆ ಟಿಕ್ ಟಿಕ್ ಟಿಕ್ ಎಂದಿತೇ ಹೊರತು ಚಕ್ರ ತಿರುಗಲಿಲ್ಲ. ಸೈಕಲ್ಲಿಗೆ ರಿವರ್ಸ್ ಇಲ್ಲವೆಂಬುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ನೀರುಕೋಳಿಯೊಂದು ನನ್ನ ಮುಖದ ಮೇಲೇ ಹಾರಿಹೋಯಿತು. "ಎಳೀರೋ! ಸಾಯ್ತೀನಿ, ಎಳೀರೋ!" ಎಂದು ಬೊಬ್ಬೆ ಹೊಡೆದೆ.

ಕಟ್ಟೆಯಿಂದ, "ಲೇ ಸೀನಾ, ಬೆಲ್ ಹೊಡಿಯೋ!" ಎಂಬ ಕೂಗು ಬಂತು. ಮುನಿವೆಂಕಟಪ್ಪ ಹೊಟ್ಟೆ ಹಿಡಿದುಕೊಂಡು ಮಣ್ಣಿನ ಮೇಲೆ ಕೂತು ನಗುತ್ತಿದ್ದ. ಉಸಿರು ಸಿಕ್ಕದ ನಗು. ರತ್ನಮ್ಮ ನನ್ನನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಬಾಷಾ ಹಗ್ಗ ಎಳೆಯುವುದನ್ನೇ ಮರೆತಿದ್ದ. ಆ ಜೊಂಡಿನಲ್ಲಿ ಕೂತು, ಸೊಳ್ಳೆ ಕಚ್ಚಿಸಿಕೊಳ್ಳುತ್ತ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇದ್ದರೂ ಚಿಂತೆಯಿಲ್ಲ ಎಂದು ನನಗೂ ಅನ್ನಿಸಿತು.

ಬಾಷಾ ಹಲ್ಲುಗಾಲಿಗೆ ವೆಲ್ಡಿಂಗ್ ಹೊಡೆದು ಗಟ್ಟಿ ಮಾಡಿದ ಮೇಲೆ ದೋಣಿ ಮುಂದಕ್ಕೂ ಹೋಯಿತು, ಹಿಂದಕ್ಕೂ ಬಂತು. ಮುಂದಿನ ಭಾನುವಾರ ಮುನಿವೆಂಕಟಪ್ಪ ಹತ್ತಿದ. ಕಟ್ಟೆಯ ಮೇಲೆ ಅವತ್ತು ಟ್ಯೂಬ್ ಸುತ್ತಿದ್ದಕ್ಕೆ ನಕ್ಕಿದ್ದ ಜನವೇ ಇದ್ದರು. ಅವನು ಎರಡು ಸಲ ಮೆಲ್ಲಗೆ ತುಳಿದು, ಸೀಟಿನಲ್ಲಿ ಒಂದಿಷ್ಟು ಸರಿದು ಕೂತು, ಆಮೇಲೆ ನಮ್ಮ ಕಡೆ ತಿರುಗಿಯೂ ನೋಡದೆ ಹೊರಟ. "ಅಣ್ಣಾ, ನೆಟ್ಟಗೆ ಹೋಗ್ತಾ ಇದೆಯಲ್ಲ" ಎಂದಳು ರತ್ನಮ್ಮ. ನಾನು ಏನೂ ಹೇಳದೆ ಇದ್ದೆ. ಅಂಥ ಪ್ರಸಂಗ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಈಗಲೂ ಕೆರೆಯಲ್ಲಿ ನೀರಿರುವಷ್ಟು ಕಾಲ ಭಾನುವಾರ ಬೈರಕೂರಿಗೆ ಹೋಗುತ್ತೇನೆ. ಜಗಲಿ ಖಾಲಿ. ಕಟ್ಟೆಗೆ ಹೋದರೆ ದೂರದಲ್ಲಿ ಹಳದಿ ಚುಕ್ಕೆ. ವಾರವಿಡೀ ಕೂಡಿಟ್ಟುಕೊಂಡ ಮಾತೆಲ್ಲ ಬಾಯಿಗೆ ಬಂದು, "ಲೇ ಮುನೀ!" ಎಂದು ಕೂಗುತ್ತೇನೆ. ಅವನು ಬಾಯಿ ಮುಚ್ಚು ಎಂದು ಎಡಗೈಯಲ್ಲಿ ಸನ್ನೆ ಮಾಡಿ, ಇನ್ನಷ್ಟು ದೂರ ತುಳಿದುಕೊಂಡು ಹೋಗುತ್ತಾನೆ. ಮೀನು ಬೆದರುತ್ತವಂತೆ. ಹಾಗೆ ಒಬ್ಬನೇ ಕಟ್ಟೆಯ ಮೇಲೆ ಕೂತಿದ್ದಾಗ ಒಂದು ವಿಷಯ ಸ್ಪಷ್ಟವಾಯಿತು. ಅಷ್ಟು ತಿಂಗಳು ಅವನು ಜಗಲಿಯ ಮೇಲೆ ಕೂತು ನನ್ನ ಧೈರ್ಯದ ಮಾತುಗಳನ್ನೆಲ್ಲ ಕೇಳಿಸಿಕೊಂಡದ್ದು ಅವುಗಳಲ್ಲಿ ಸತ್ವವಿತ್ತೆಂದಲ್ಲ. ತಪ್ಪಿಸಿಕೊಂಡು ಹೋಗಲು ಆಗ ಅವನಿಗೆ ದೋಣಿ ಇರಲಿಲ್ಲ, ಅಷ್ಟೆ.