ಹೊಲಿಗೆ ಮಷಿನ್ನಿನ ಮುಚ್ಚಳದಡಿಯ ಪೀಪಾಯಿ

ಎರಡು ಕೋಣೆಯ ಫ್ಲ್ಯಾಟಿನಲ್ಲಿ ಗಂಡನಿಗೆ ಗೊತ್ತಾಗದ ಹಾಗೆ ಅಳಬಹುದು, ಸಿಟ್ಟಾಗಬಹುದು, ತವರಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಬಹುದು. ಆದರೆ ಅವನಿಗೇ ಕೊಡಬೇಕೆಂದಿರುವ ಉಡುಗೊರೆಯನ್ನು, ಅದೂ ವಾಸನೆ ಬರುವ ಉಡುಗೊರೆಯನ್ನು, ಮೂರು ತಿಂಗಳು ಬಚ್ಚಿಡಲು ಆಗುವುದಿಲ್ಲ. ಇದು ಅನುಭವದ ಮಾತು. ಪುಣೆಯ ವಾಕಡದ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿರುವವಳು ನಾನು. ಕೆಮ್ಮಿನ ಔಷಧದ ಶೀಶೆಯ ಮೇಲಿನ ಸಣ್ಣ ಅಕ್ಷರಗಳನ್ನೂ ಓದಿ, ಅದರಲ್ಲಿ ಆಲ್ಕೋಹಾಲ್ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೇ ಕುಡಿಯುತ್ತಿದ್ದವಳು. ಅಂಥ ನನ್ನನ್ನು ಈ ಬೇಸಿಗೆಯಲ್ಲಿ ಐದು ವಾರ ನನ್ನ ಗಂಡ ಕುಡುಕಿ ಎಂದು ತಿಳಿದಿದ್ದರು. ನನಗೆ ಅದು ಕೊನೆಯ ದಿನದವರೆಗೂ ಗೊತ್ತಾಗಲಿಲ್ಲ.

ನಮ್ಮ ಮನೆಯವರ ಹೆಸರು ಮಾಧವರಾವ್. ಹಿಂಜವಾಡಿಯ ಆಫೀಸುಗಳಿಗೆ ಕ್ಯಾಬ್ ಕಳಿಸುವ ಒಂದು ಸಂಸ್ಥೆಯಲ್ಲಿ ಮ್ಯಾನೇಜರ್. "ಗಾಡಿ ಕುಠೇ ಆಹೇ?", ಗಾಡಿ ಎಲ್ಲಿದೆ, ಎಂಬ ಒಂದೇ ಪ್ರಶ್ನೆಗೆ ದಿನವಿಡೀ ಬೇರೆ ಬೇರೆ ಉತ್ತರ ಕೊಡುವುದು ಅವರ ಕೆಲಸ. ಈ ಕೆಲಸ ಮಾಡುವ ಮನುಷ್ಯ ದಿನಾ ಕುಡಿದರೂ ಯಾರೂ ತಪ್ಪು ತಿಳಿಯಲಾರರು. ಇವರು ಕುಡಿಯುವುದು ವಾರಕ್ಕೊಮ್ಮೆ, ಎರಡೇ ಪೆಗ್. ಸೋಮವಾರ ಈಶ್ವರನದು, ಮಂಗಳವಾರ ಗಣಪತಿಯದು, ಗುರುವಾರ ದತ್ತನದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಮಾರುತಿಯದು. ಬುಧವಾರ ಯಾವ ದೇವರೂ ಇಲ್ಲ, ಆದರೆ ಆಫೀಸಿನಲ್ಲಿ ರಿವ್ಯೂ ಮೀಟಿಂಗ್ ಇರುತ್ತದೆ. ಹೀಗಾಗಿ ಉಳಿದದ್ದು ರವಿವಾರ. ಮಧ್ಯಾಹ್ನ ಊಟಕ್ಕೆ ಮೊದಲು, ಬಾಟಲಿಯ ಮುಚ್ಚಳದಲ್ಲಿ ಅಳೆದು, ಹುರಿದ ಶೇಂಗಾದ ಜೊತೆ, ಕಣ್ಣು ಅರೆ ಮುಚ್ಚಿಕೊಂಡು ಕುಡಿಯುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಇದು ಕಸಿವಿಸಿಯಾಗುತ್ತಿತ್ತು. ಈಗ ಶೇಂಗಾ ಹುರಿದು ಕೊಡುವವಳೂ ನಾನೇ.

ಜೂನ್ ತಿಂಗಳಲ್ಲಿ ಅವರಿಗೆ ಐವತ್ತೈದು ತುಂಬುವುದಿತ್ತು. ಏನು ಕೊಡಲಿ ಎಂಬ ಚಿಂತೆಗೆ ಉತ್ತರ ಸಿಕ್ಕಿದ್ದು ಸುಧಾಕರಣ್ಣನ ಹೋಟೆಲಿನಲ್ಲಿ. ಸುಧಾಕರಣ್ಣ ಕುಂದಾಪುರದ ಕಡೆಯವರು, ನಮಗೆ ಹಳೆಯ ಪರಿಚಯ. ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಬಿಗಿದ, ಮೊಲದಷ್ಟು ದೊಡ್ಡದಾದ ಒಂದು ಮರದ ಪೀಪಾಯಿ ಇತ್ತು. ನೀರುದೋಸೆ ತಿನ್ನುವುದನ್ನು ಬಿಟ್ಟು ನಮ್ಮ ಮನೆಯವರು ಅದನ್ನೇ ನೋಡುತ್ತಿದ್ದರು. ಮರುದಿನ ನಾನೊಬ್ಬಳೇ ಹೋಗಿ ವಿಚಾರಿಸಿದೆ.

"ಅದು ಓಕ್ ಮರದ್ದು ಮಾರ್ರೆ. ಒಳಗೆ ಸುಟ್ಟು ಕರಿ ಮಾಡಿರ್ತಾರೆ," ಎಂದರು ಸುಧಾಕರಣ್ಣ. "ಸಾದಾ ಬ್ರ್ಯಾಂಡಿ ಹಾಕಿ ಎರಡು ಮೂರು ತಿಂಗಳು ಇಟ್ರೆ ಎಂತ ರುಚಿ ಬರ್ತದೆ ಗೊತ್ತುಂಟಾ? ದೊಡ್ಡ ಪೀಪಾಯಿಗೆ ವರ್ಷಗಟ್ಟಲೆ ಬೇಕು. ಇದು ಸಣ್ಣದಲ್ವಾ, ಬೇಗ ಬೇಗ ಕೆಲಸ ಮಾಡ್ತದೆ. ಆದ್ರೆ ವಾರ ವಾರ ರುಚಿ ನೋಡ್ಲೇಬೇಕು. ಒಂದು ವಾರ ಹೆಚ್ಚಾದ್ರೆ ಬಡಗಿ ಅಂಗಡಿ ನೆಕ್ಕಿದ ಹಾಗೆ ಆಗ್ತದೆ."

ಮೂರು ಲೀಟರಿನ ಹೊಸ ಪೀಪಾಯಿಯನ್ನು ಅವರೇ ತರಿಸಿಕೊಟ್ಟರು. ವಾರ ವಾರ ರುಚಿ ನೋಡುವುದು ಯಾರು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ಬಚ್ಚಿಡಲು ಜಾಗ ಬೇಕಲ್ಲ. ಒಳಕೋಣೆಯಲ್ಲಿ ಒಂದು ಹಳೆಯ ಹೊಲಿಗೆ ಮಷಿನ್ ಇದೆ, ಅದಕ್ಕೆ ಗುಮ್ಮಟದಂಥ ಮರದ ಮುಚ್ಚಳ. ಮಷಿನ್ನನ್ನು ಮಂಚದ ಕೆಳಗೆ ಸರಿಸಿ, ಅದರ ಜಾಗದಲ್ಲಿ ಪೀಪಾಯಿ ಇಟ್ಟು ಮುಚ್ಚಳ ಹಾಕಿದರೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಮೊದಲು ಅದಕ್ಕೆ ನೀರು ತುಂಬಿಸಿ ಇಡಬೇಕು, ಮರ ಉಬ್ಬಿ ಸಂದುಗಳು ಮುಚ್ಚಿಕೊಳ್ಳುವವರೆಗೆ ಸೋರುತ್ತದೆ. ಎರಡು ದಿನ ಸೋರಿತು. ಇವರು ಒದ್ದೆ ನೆಲದ ಮೇಲೆ ಕಾಲಿಟ್ಟು, "ಏನಿದು, ಹೊಲಿಗಿ ಮಷಿನ್ನಿನಾಗ ನೀರು?" ಎಂದರು. "ತೊಳದೇನ್ರಿ," ಎಂದೆ. ಹೊಲಿಗೆ ಮಷಿನ್ ತೊಳೆಯುವ ಹೆಂಗಸನ್ನು ಅವರು ಒಂದು ಕ್ಷಣ ನೋಡಿದರು, ಅಷ್ಟೇ.

ಬ್ರ್ಯಾಂಡಿ ಕೊಳ್ಳಲು ಹೋದ ದಿನ ತರಕಾರಿಯ ದೊಡ್ಡ ಚೀಲ ಹಿಡಿದು ಹೊರಟೆ. ಪರಿಚಯದವರು ಸಿಗಬಾರದೆಂದು ಊರಿನ ಆಚೆ ತುದಿಯ ಯೆರವಡಾದವರೆಗೆ ಹೋದೆ. ಅಂಗಡಿಯವನು ಮೊದಲು ಪರವಾನಗಿ ಚೀಟಿ ಬರೆಯಬೇಕೆಂದ. ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಮದ್ಯ ಸೇವಿಸಲು ಅನುಮತಿ ಎನ್ನುವ ಆ ಕಾಗದದ ಮೇಲೆ, ಪರೀಕ್ಷೆಯ ಪೇಪರಿನ ಮೇಲೆ ಬರೆಸುವಂತೆ, ನನ್ನ ಪೂರ್ತಿ ಹೆಸರು, ಬಾಟಲಿಗಳ ಲೆಕ್ಕ ಎರಡೂ ಬರೆಸಿದ. ನಾಲ್ಕು ಬಾಟಲಿ ಚೀಲಕ್ಕೆ ಇಳಿಸುತ್ತಿದ್ದಾಗ ಬೆನ್ನ ಹಿಂದಿನಿಂದ, "ಮ್ಯಾಡಮ್, ತುಮ್ಹಿ ಇಥೇ?", ನೀವು ಇಲ್ಲಿ, ಎಂಬ ದನಿ ಬಂತು. ಹತ್ತನೇ ತರಗತಿಯ ಹುಡುಗಿಯೊಬ್ಬಳ ತಂದೆ. "ಲ್ಯಾಬ್‌ಸಾಠೀ," ಎಂದೆ, ಪ್ರಯೋಗಶಾಲೆಗೆ. ಅವರು ಬಹಳ ಗೌರವದಿಂದ ತಲೆಯಾಡಿಸಿದರು. ಮಗಳನ್ನು ಕಾಮರ್ಸಿಗೆ ಹಾಕಿದರೆಂದು ಆಮೇಲೆ ಕೇಳಿದೆ.

ಪ್ರತಿ ಗುರುವಾರ ಶಾಲೆಯಿಂದ ಬಂದ ಮೇಲೆ ಒಳಕೋಣೆಯ ಬಾಗಿಲು ಹಾಕಿಕೊಂಡು ಒಂದು ಚಮಚ ರುಚಿ ನೋಡುವುದೆಂದು ಗೊತ್ತುಮಾಡಿಕೊಂಡೆ. ದತ್ತನ ವಾರ ಎಂದು ಮನಸ್ಸು ಅಳುಕಿತು. ಆದರೆ ಇವರು ಖಂಡಿತ ತಡವಾಗಿ ಬರುವ ದಿನ ಅದೊಂದೇ. ಮೊದಲ ಚಮಚಕ್ಕೆ ಕಣ್ಣಲ್ಲಿ ನೀರು ಬಂದು, ಕಿವಿಯವರೆಗೂ ಉರಿಯಿತು. ಎರಡನೆಯ ವಾರ ಹಸಿ ಕಟ್ಟಿಗೆಯ ಒಗರು. ನಾಲ್ಕನೆಯ ವಾರದ ಹೊತ್ತಿಗೆ ಪುಣೆಯ ಬಿಸಿಲು ಏರಿತ್ತು, ಪೀಪಾಯಿಯೊಳಗೆ ಏನೋ ನಡೆದಿತ್ತು. ಬೆಲ್ಲದ ಪಾಕ ತಳ ಹಿಡಿಯುವ ಮೊದಲು ಬರುತ್ತದಲ್ಲ, ಅಂಥದೊಂದು ಪರಿಮಳ. ನಿಜವೋ ಭ್ರಮೆಯೋ ಎಂದು ತಿಳಿಯಲು ಇನ್ನೊಂದು ಚಮಚ ಬೇಕಾಯಿತು. ಪ್ರಯೋಗವನ್ನು ಒಮ್ಮೆ ಮಾಡಿ ನಂಬಬಾರದೆಂದು ಮಕ್ಕಳಿಗೆ ಹೇಳುವವಳೇ ನಾನು. ಆಮೇಲೆ ನಾಲ್ಕು ಲವಂಗ ಅಗಿದು ಹೊರಗೆ ಬಂದರೆ, ಇವರು ಸೋಫಾದ ಮೇಲೆ ಕೂತಿದ್ದರು!

"ಲಗೂ ಬಂದ್ರಿ?" ಎಂದೆ.

"ಹೂಂ. ಏನ್ ಮಾಡ್ಲಿಕತ್ತಿದ್ದಿ?"

"ಹೊಲಿಗಿ."

"ಮಷಿನ್ ಸಪ್ಪಳಾನ ಇರಲಿಲ್ಲ."

"ಕೈಹೊಲಿಗಿ ರೀ," ಎಂದು ಅಡುಗೆಮನೆಗೆ ಓಡಿದೆ.

ಅಂದಿನಿಂದ ಮನೆಯ ಗಾಳಿ ಬದಲಾಯಿತು. ಇವರು ಮಾತು ಕಡಿಮೆ ಮಾಡಿದರು. ನನ್ನ ಸ್ಕೂಟರಿನ ಕೀಲಿ ತಾವೇ ಇಟ್ಟುಕೊಂಡು, "ಟ್ರಾಫಿಕ್ ಭಾಳ ಅದ, ನಾನ ಬಿಡ್ತೀನಿ," ಎಂದು ಶಾಲೆಗೆ ಕಾರಿನಲ್ಲಿ ಬಿಡತೊಡಗಿದರು. ನಮ್ಮ ಶಾಲೆ ಇರುವುದು ಮನೆಯಿಂದ ಎರಡನೆಯ ತಿರುವಿನಲ್ಲಿ. ರವಿವಾರ ನಾನು ಶೇಂಗಾ ಹುರಿದಿಟ್ಟರೆ, "ಬ್ಯಾಡ," ಎಂದು ಬರೀ ಮಜ್ಜಿಗೆ ಕುಡಿದರು. ಮುಂದಿನ ರವಿವಾರವೂ ಅಷ್ಟೇ. ಕಪಾಟಿನಲ್ಲಿದ್ದ ಅವರ ಬಾಟಲಿಯೇ ಮಾಯವಾಗಿತ್ತು. ಗ್ಯಾಲರಿಯಲ್ಲಿ ನಿಂತು ಯಾರ ಜೊತೆಗೋ ಮೆಲ್ಲಗೆ ಫೋನಿನಲ್ಲಿ ಮಾತಾಡುತ್ತಿದ್ದವರು, ನಾನು ಹತ್ತಿರ ಹೋದರೆ ಕ್ಯಾಬ್ ಡ್ರೈವರನನ್ನು ಬೈಯುವಂತೆ ನಟಿಸುತ್ತಿದ್ದರು. ಒಂದು ಸಂಜೆ ಎದುರಿಗೆ ಕೂತು, "ಶಾಲಿಯೊಳಗ ಏನರ ತ್ರಾಸ ಅದ ಏನು? ಏನಿದ್ರೂ ನನ್ನ ಮುಂದ ಹೇಳು," ಎಂದರು. ಇವರಿಗೇ ಏನೋ ಆಗಿದೆ, ಡಾಕ್ಟರು ಏನೋ ಹೇಳಿದ್ದಾರೆ ಎಂದು ನಾನು ಹೆದರಿದೆ.

ಅದೇ ವಾರ ಬಟ್ಟೆ ಒಗೆಯಲು ಹಾಕುವಾಗ ಅವರ ಅಂಗಿಯ ಜೇಬಿನಲ್ಲಿ ಒಂದು ಕಾರ್ಡು ಸಿಕ್ಕಿತು. ವ್ಯಸನಮುಕ್ತಿ ಸಲಹೆಗಾರರದ್ದು. ಕುಡಿತ ಬಿಡಿಸುವವರು. ನಾನು ಬಚ್ಚಲುಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಲ್ಲ ತಾಳೆಯಾಯಿತು. ಪಾಪ, ಇವರು ನನಗೆ ಗೊತ್ತಾಗದ ಹಾಗೆ ಎಷ್ಟೋ ವರ್ಷದಿಂದ ಕುಡಿಯುತ್ತಿದ್ದಾರೆ, ಈಗ ಬಿಡಲು ಒದ್ದಾಡುತ್ತಿದ್ದಾರೆ. ಅಂಥವರಿಗೆ ನಾನು, ಕಟ್ಟಿಕೊಂಡ ಹೆಂಡತಿ, ಹುಟ್ಟಿದ ದಿನಕ್ಕೆಂದು ಮೂರು ಲೀಟರ್ ಬ್ರ್ಯಾಂಡಿ ಹದ ಮಾಡುತ್ತಿದ್ದೇನೆ! ಅದನ್ನು ಚೆಲ್ಲಿಬಿಡಬೇಕೆಂದು ಆಗಲೇ ಎದ್ದು ಹೋಗಿ ಮುಚ್ಚಳ ಎತ್ತಿದೆ. ಪೀಪಾಯಿಯ ನಲ್ಲಿ ತಿರುಗಿಸುವ ಮೊದಲು, ಇಷ್ಟು ದಿನದ ಶ್ರಮ, ಹೇಗಾಗಿದೆಯೋ ನೋಡೋಣ ಎಂದು ಒಂದು ಚಮಚ ತೆಗೆದುಕೊಂಡೆ. ಕೈ ಚೆಲ್ಲಲು ಒಪ್ಪಲಿಲ್ಲ. ದುಃಖದಲ್ಲಿ ಮತ್ತೊಂದು ಚಮಚ ತೆಗೆದುಕೊಂಡೆ.

ರವಿವಾರ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮಣ್ಣ ನಿಂತಿದ್ದ. ಬೆಳಗಾವಿಯಲ್ಲಿ ಬ್ಯಾಂಕಿನಿಂದ ನಿವೃತ್ತನಾದ ವೆಂಕಣ್ಣ, ಮುಂಚೆ ತಿಳಿಸದೆ ಬಸ್ ಹತ್ತುವ ಮನುಷ್ಯನೇ ಅಲ್ಲ. ಇವರೇ ಕರೆಸಿದ್ದಾರೆ ಎಂದು ಹೊಳೆಯಿತು. ಧೈರ್ಯಕ್ಕೆ ಒಬ್ಬರು ಬೇಕಲ್ಲ. ಚಹಾ ಕೊಟ್ಟು ಮೂವರೂ ಕೂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಸುನಂದಾ," ಅಣ್ಣ ಚಹಾದ ಕಪ್ಪು ಕೆಳಗಿಟ್ಟ. "ಇದರಾಗ ನಾಚಿಕಿ ಪಡೂ ಮಾತಿಲ್ಲ. ಇದೊಂದು ಬ್ಯಾನಿ ಇದ್ದಂಗ."

"ನನಗೂ ಗೊತ್ತಾಗೇದ ಅಣ್ಣಾ. ನಾ ಅವರನ್ನ ಬಿಟ್ಟುಕೊಡೂದಿಲ್ಲ," ಎನ್ನುವಷ್ಟರಲ್ಲಿ ನನಗೆ ಅಳು ಬಂತು.

"ಯಾರನ್ನ?" ಎಂದರು ಇವರು.

"ನಿಮ್ಮನ್ನರಿ. ಕಾರ್ಡ್ ನೋಡೇನಿ. ನೀವು ಎಷ್ಟು ವರ್ಷದಿಂದ ಹಿಂಗ..."

"ನಾನೇನು?" ಇವರು ಎದ್ದೇ ನಿಂತರು. ಜೇಬಿನಿಂದ ಮಡಿಸಿದ ಕಾಗದ ತೆಗೆದು ಟೀಪಾಯಿಯ ಮೇಲಿಟ್ಟರು. ಯೆರವಡಾದ ಪರವಾನಗಿ ಚೀಟಿ. ಗ್ಯಾಸಿನ ಪುಸ್ತಕ ಹುಡುಕುವಾಗ ನನ್ನ ಪರ್ಸಿನಲ್ಲಿ ಸಿಕ್ಕಿತ್ತಂತೆ. "ನಾಕ್ ಬಾಟ್ಲಿ, ಸುನಂದಾ. ಗುರುವಾರಕ್ಕೊಮ್ಮೆ ಬಾಗಲಾ ಹಾಕ್ಕೊಂಡು ಕೂಡತಿ. ಹೊರಗ ಬಂದ್ರ ಬಾಯಿ ತುಂಬ ಲವಂಗ. ಎರಡು ತಿಂಗಳಿಂದ ಹೊಲೀಲಿಕತ್ತಿ, ಒಂದ್ ಕುಪ್ಪಸ ಹೊರಗ ಬಂದಿಲ್ಲ!"

ನಾನು ಇಬ್ಬರನ್ನೂ ಒಳಕೋಣೆಗೆ ಕರೆದುಕೊಂಡು ಹೋಗಿ ಮುಚ್ಚಳ ಎತ್ತಿದೆ. ಅಣ್ಣ ಪೀಪಾಯಿಯನ್ನು ನೋಡಿ, ನನ್ನನ್ನು ನೋಡಿ, ಮಂಚದ ಮೇಲೆ ಕೂತು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಇವರು ನಗಲಿಲ್ಲ. ಗೋಡೆಗೆ ಆತುಕೊಂಡು ನಿಂತು ಕಣ್ಣೊರೆಸಿಕೊಂಡರು. "ನೀ ಕುಡೀಬ್ಯಾಡ ಅಂತ ಹೇಳೂದಕ್ಕ ಮೊದಲು ನಾ ಬಿಡಬೇಕಲ್ಲ. ಅದಕ್ಕ ಬಿಟ್ಟೆ," ಎಂದರು. ಐದು ರವಿವಾರ ಆ ಮನುಷ್ಯ ನನಗಾಗಿ ಮಜ್ಜಿಗೆ ಕುಡಿದಿದ್ದರು. ಮೂವತ್ತು ವರ್ಷದಲ್ಲಿ ಅವರು ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತು ಅದೇ ಇರಬೇಕು.

ಹುಟ್ಟಿದ ದಿನ ಅಣ್ಣನನ್ನೂ ಸುಧಾಕರಣ್ಣನನ್ನೂ ಕರೆದು ಪೀಪಾಯಿಯನ್ನು ಬಾಟಲಿಗಳಿಗೆ ಖಾಲಿ ಮಾಡಿದೆವು. ನಾಲ್ಕು ಬಾಟಲಿ ಹಾಕಿದ್ದು, ಎರಡೂವರೆಯೂ ತುಂಬಲಿಲ್ಲ. ಇವರು ಹುಬ್ಬೇರಿಸಿದರು. ಮರ ಒಂದಿಷ್ಟು ಹೀರುತ್ತದೆ, ಬೇಸಿಗೆಯಲ್ಲಿ ಒಂದಿಷ್ಟು ಆವಿಯಾಗುತ್ತದೆ ಎಂದು ನಾನು ವಿವರಿಸಿದೆ. ಸುಧಾಕರಣ್ಣನೂ ಹೌದೆಂದರು, ಆದರೆ "ಇಷ್ಟಾ?" ಎಂದು ಒಂದು ಮಾತು ಸೇರಿಸಿದರು. ಇವರು ಒಂದೇ ಗುಟುಕು ರುಚಿ ನೋಡಿ, "ಭಾಳ ಛಲೋ ಆಗೇದ," ಎಂದು ಲೋಟ ಕೆಳಗಿಟ್ಟರು. ಬಿಟ್ಟ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆಯಂತೆ, ಇನ್ನು ಬೇಡವಂತೆ. ಬಾಟಲಿಗಳು ಅಣ್ಣನಿಗೂ ಸುಧಾಕರಣ್ಣನಿಗೂ ಹೋದವು.

ಎಲ್ಲರೂ ಹೋದ ಮೇಲೆ ಇವರು ಖಾಲಿ ಪೀಪಾಯಿಯನ್ನು ತಟ್ಟಿ, "ಇದನ್ನೇನು ಮಾಡೂದು?" ಎಂದರು.

"ಖಾಲಿ ಇಡಬಾರದ್ರಿ. ಒಣಗಿದ್ರ ಹಲಗಿ ಬಿರೀತಾವ. ಏನರ ತುಂಬಿಸಿಡಬೇಕು."

"ನೀರು ತುಂಬಿಸಿದ್ರ ನಡೀತದಲ್ಲ?"

ನಡೆಯುತ್ತದೆ. ಕೆಲವು ದಿನಕ್ಕೊಮ್ಮೆ ನೀರು ಬದಲಿಸಿದರಾಯಿತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ "ಹೂಂ" ಎಂಬ ಒಂದು ಅಕ್ಷರ ನನ್ನ ಬಾಯಿಂದ ಹೊರಡಲು ಎಷ್ಟು ಹೊತ್ತು ಬೇಕಾಯಿತೆಂದರೆ, ಅಷ್ಟರಲ್ಲಿ ಇವರು ಪೀಪಾಯಿಯ ಮೇಲಿಂದ ಕೈ ತೆಗೆದು, ಕನ್ನಡಕ ಹಾಕಿಕೊಂಡು, ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.