ಹಿನ್ನೀರಿನ ರೀವ ಮತ್ತು ನನ್ನ ವರದಿ

ಕಡಲೇ ಇಲ್ಲದ ಜಿಲ್ಲೆಯಲ್ಲಿ ಕೂತು ಕಡಲ ಹಕ್ಕಿಗಳ ಮೇಲೆ ಮನಸ್ಸಿಡುವುದು ಒಂದು ಬಗೆಯ ರೋಗವೇ ಇರಬೇಕು. ನನಗೆ ಅದು ಐವತ್ತು ದಾಟಿದ ಮೇಲೆ ಬಂತು. ಯಾವುದೋ ದೇಶದ ಕಡಲಬಂಡೆಗಳ ಮೇಲೆ ಸಾವಿರಾರು ಹಕ್ಕಿಗಳು ಕಿರುಚಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೇ ತಡ, ಬೈನಾಕ್ಯುಲರ್ ಕೊಂಡೆ, ಪುಸ್ತಕ ಕೊಂಡೆ, ಹಾಸನದ ಹಕ್ಕಿಪ್ರಿಯರ ವಾಟ್ಸಾಪ್ ಗುಂಪಿಗೂ ಸೇರಿದೆ. ಎರಡು ವರ್ಷವಾದರೂ ಆ ಗುಂಪಿಗೆ ನನ್ನ ಕೊಡುಗೆ ‘ಶುಭೋದಯ’ ಮಾತ್ರ. ಮಿಕ್ಕವರೆಲ್ಲ ದಿನಕ್ಕೊಂದು ಹಕ್ಕಿ ಕಂಡು ಬರೆಯುವಾಗ ಎಷ್ಟು ದಿನ ಸಹಿಸುವುದು? ಶಿವರಾತ್ರಿಗೆ ಇನ್ನೂ ಹದಿನೈದು ದಿನವಿದ್ದಾಗ, ಒಂದು ಶನಿವಾರ ಹುಮ್ಮಸ್ಸಿನಲ್ಲಿ ಘೋಷಿಸಿಬಿಟ್ಟೆ: ನಾಳೆ ಗೊರೂರಿನ ಹಿನ್ನೀರಿಗೆ ಹೋಗಿ ರೀವಗಳ ವರದಿ ತರುತ್ತೇನೆ. ರೀವವೆಂದರೆ ಕಡಲ ಹಕ್ಕಿಗಳ ದಾಯಾದಿ. ನೀರು ಇಳಿದು ಬಂಡೆಗಳು ಮೇಲೆದ್ದ ಕೂಡಲೇ ಅವುಗಳ ಮೇಲೆ ಸಂಸಾರ ಹೂಡುತ್ತದೆ. ಸಮುದ್ರವಂತೂ ನಮ್ಮಲ್ಲಿಗೆ ಬರುವುದಿಲ್ಲ, ನಾನೇ ಹೊಂದಿಕೊಂಡೆ.

ಹೆಂಡತಿ ಗಿರಿಜೆ ಹಳ್ಳಿಮೈಸೂರು ಕಡೆಯವಳು. ಬಿಪಿ ಇರುವ ಗಂಡನನ್ನು ಒಬ್ಬನೇ ನೀರಿನ ಹತ್ತಿರ ಬಿಡುವುದಿಲ್ಲವೆಂದು ಜೊತೆಗೆ ಹೊರಟಳು. ಕೈ ಸುಮ್ಮನಿದ್ದರೆ ಅವಳಿಗೆ ತಲೆನೋವು ಬರುತ್ತದೆ, ಹಾಗಾಗಿ ಒಂದು ಚೀಲ ಅವರೆಕಾಯಿಯೂ ಬಂತು. ದಂಡೆಯ ಎತ್ತರದ ಬಂಡೆಯ ಮೇಲೆ ಕೂತು ಅವಳು ಕಾಯಿ ಸುಲಿಯತೊಡಗಿದಳು, ನಾನು ಹಕ್ಕಿ ನೋಡತೊಡಗಿದೆ. ಅಂದರೆ, ಪುಸ್ತಕ ನೋಡತೊಡಗಿದೆ. ಕೊಕ್ಕು ಹಳದಿಯೋ, ಬಾಲ ಕವಲೋ ಎಂದು ಪುಟ ಹುಡುಕಿ ತಲೆಯೆತ್ತುವಷ್ಟರಲ್ಲಿ ಹಕ್ಕಿ ಅರಕಲಗೂಡಿನ ದಾರಿ ಹಿಡಿದಿರುತ್ತಿತ್ತು.

“ರೀ, ಅಲ್ನೋಡಿ, ಗಂಡಕ್ಕಿ ಮೀನ್ ತಂದೈತೆ,” ಎಂದಳು ಗಿರಿಜೆ, ಕೈ ನಿಲ್ಲಿಸದೆ. “ಎಣ್ಣು ಮೊಕ ತಿರುಗಿಸ್ಕಂಡು ಕೂತೈತೆ. ಪಾಪ, ಮೂರ್ ಸಲ ಸುತ್ತಾಕ್ತು. ಆಂ, ಈಗ ಇಸ್ಕತು ಕಣ್ರೀ!”

ನಾನು ಬೈನಾಕ್ಯುಲರ್ ತಿರುಪಿ ಸರಿಮಾಡಿಕೊಂಡಾಗ ಕಂಡದ್ದು ಖಾಲಿ ಬಂಡೆ. ಪುಸ್ತಕದ ಪ್ರಕಾರ ಗಂಡು ಹೆಣ್ಣು ಎರಡೂ ಒಂದೇ ಥರ ಇರುತ್ತವಲ್ಲ, ನಿನಗೆ ಹೇಗೆ ಗೊತ್ತಾಯಿತು ಎಂದೆ.

“ಗೋಗರ್ಕಂಡು ಸುತ್ತಾಕ್ತಿರೋದು ಗಂಡಲ್ದೆ ಇನ್ಯಾವ್ದು?”

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ವಿದ್ಯೆ ಅವಳಿಗೆ ಎಲ್ಲಿ ಸಿಕ್ಕಿತೆಂದು ನಾನು ಕೇಳಲಿಲ್ಲ.

ಮನೆಗೆ ಬಂದವನೇ ಅವಳು ಹೇಳಿದ್ದನ್ನೆಲ್ಲ, ಮೂರು ಸುತ್ತು ಸಮೇತ, ‘ನಾನು ಕಣ್ಣಾರೆ ಕಂಡಂತೆ’ ಎಂದು ಶುರುಮಾಡಿ ಬರೆದು ಗುಂಪಿಗೆ ಹಾಕಿದೆ. ಚಪ್ಪಾಳೆಯ ಮೇಲೆ ಚಪ್ಪಾಳೆ. ಗುಂಪಿಗೆ ಹಿರಿಯರಾದ ಮೇಷ್ಟ್ರು ‘ಎಂಥ ಸೂಕ್ಷ್ಮ ಕಣ್ಣು ಸಾರ್!’ ಎಂದು ಬರೆದರು. ಉಬ್ಬಿಹೋಗಿ ಅಡುಗೆಮನೆಗೆ ಹೋಗಿ ಗಿರಿಜೆಗೆ ಎಲ್ಲವನ್ನೂ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ ಸೌಟು ಕೆಳಗಿಟ್ಟಳು.

“ಆ ಗಂಡಕ್ಕಿ ತಾನೇ ಇಡ್ದಿದ್ ಮೀನ್ ತಂದಿತ್ತು ಕಣ್ರೀ,” ಎಂದಳು.

ಅಷ್ಟೇ. ನಿಜಕ್ಕೂ ನಾಚಿಕೆಯಾಯಿತು. ವರದಿಯನ್ನು ಅಳಿಸೋಣವೆಂದರೆ ಆಗಲೇ ಎಲ್ಲರೂ ಓದಿಯಾಗಿತ್ತು. ಕೊನೆಗೆ ಧೈರ್ಯ ಮಾಡಿ, ‘ತಿದ್ದುಪಡಿ: ಕಂಡವರು ಗಿರಿಜೆ. ಬರೆದುಕೊಂಡವನು ಅವರ ಗಂಡ’ ಎಂದು ಹಾಕಿದೆ. ಆಮೇಲೆ ಮೇಷ್ಟ್ರ ಫೋನೇ ಬಂತು.

“ಸಾ, ಮುಂದಿನ್ ಭಾನ್ವಾರ ನಾವೆಲ್ಲ ಒಂದ್ ವ್ಯಾನ್ ಮಾಡ್ಕಂಡು ಗೊರೂರಿಗ್ ಓಗ್ತಿದೀವಿ. ಅಮ್ಮೋರು ಬಿಡುವಾಗಿರ್ತಾರಾ?”

ಕೇಳಿ ಹೇಳುತ್ತೇನೆ ಎಂದೆ. ನಾನು ಬಿಡುವಾಗಿದ್ದೇನೆಯೇ ಎಂದು ಅವರು ಕೇಳಬಹುದೆಂದು ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡೇ ನಿಂತಿದ್ದೆ.