ಎಡಕ್ಕೆ ಎರಡು ಮೊಳ

"ಇವತ್ತು ಸಂಜೆಯೊಳಗೆ ಈ ಕೋಣೆಗೆ ಸೂರ್ಯನನ್ನೇ ಎಳೆದು ತರ್ತೀನಿ, ನೋಡ್ತಿರು!"

ಸುತ್ತಿಗೆಯನ್ನು ಗದೆಯಂತೆ ಹೆಗಲಿಗೇರಿಸಿ ಕರಡಿರಾಯರು ಹೀಗೆ ಘೋಷಿಸಿದಾಗ, ಅವರ ಮನೆಯಾಕೆ ಮಂಚದ ಮೇಲೆ ಹಳೆಯ ಚಾದರ ಹೊದಿಸುತ್ತಿದ್ದರು.

ಕರಡಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ. ತಪ್ಪು ಕಂಡರೆ ಮೈಮೇಲೆ ಎರಗುವ ಸ್ವಭಾವ. ಎರಡೂ ಸೇರಿ ಜೊತೆಯವರು ಕೊಟ್ಟ ಬಿರುದು ಅದು. ಕೊಂಬು ಕಳಚಿದ ಅಕ್ಷರ, ಬಾಲ ತುಂಡಾದ ಒತ್ತು, ದಾರಿ ತಪ್ಪಿದ ಅಲ್ಪವಿರಾಮ, ಯಾವುದೂ ಅವರ ಕೆಂಪು ಪೆನ್ಸಿಲಿನಿಂದ ಪಾರಾದದ್ದಿಲ್ಲ. ಅಂಥವರು ಎಡತೋಳು ಬಲಕ್ಕೂ ಬಲತೋಳು ಎಡಕ್ಕೂ ಕೂತಿದ್ದ ಅಂಗಿ ತೊಟ್ಟು ವಾರವಿಡೀ ಕೆಲಸಕ್ಕೆ ಹೋಗಿ ಬಂದಿದ್ದರು!

ಅಂಗಿ ಹೊಲಿದವರು ಮನೆಯಾಕೆಯೇ. ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಪಳಗಿದ ಕೈ.

"ನನ್ನನ್ನ ಯಾಕೆ ಬೈತೀರಿ? ಆ ಕಿಟಕಿಯನ್ನ ಬೈರಿ," ಎಂದಿದ್ದರು ಆಕೆ. "ಮಿಷನ್ ಇರೋದು ಮಲಗೋ ಕೋಣೇಲಿ. ಅಲ್ಲಿರೋದು ಕಿಟಕಿನೋ ಇಲಿ ಬಿಲಾನೋ? ಸೂಜಿಗೆ ದಾರ ಪೋಣಿಸೋಕೆ ಅಂಗಳಕ್ಕೆ ಹೋಗಿ ಬರಬೇಕು. ಹೀಗೇ ಆದರೆ ಗಿರಾಕಿಗಳು ಹೋಗ್ತಾರೆ. ಅವರಿಗಿಂತ ಮೊದಲು ನನ್ನ ಕಣ್ಣು ಹೋಗುತ್ತೆ."

ಕೊನೆಯ ಮಾತು ರಾಯರ ಎದೆಗೆ ನಾಟಿತು. ಕಿಟಕಿ ದೊಡ್ಡದಾಗಲೇಬೇಕು!

"ಮೇಸ್ತ್ರಿಯನ್ನ ಕರೀರಿ," ಎಂದರು ಮನೆಯಾಕೆ.

"ನಾಲ್ಕು ಇಟ್ಟಿಗೆ ಕೀಳೋಕೆ ಮೇಸ್ತ್ರಿಯಾ? ಘನ ಪಂಡಿತರ ಪುಟಪುಟಗಳನ್ನೇ ಕಿತ್ತು ಹಾಕಿರೋ ಕೈ ಕಣೇ ಇದು!"

"ಪುಟ ಬಿದ್ದರೆ ಯಾರ ಕಾಲೂ ಮುರಿಯಲ್ಲ. ಗೋಡೆ ಹಾಗಲ್ಲ."

ರಾಯರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಂಚದ ಮೇಲೆ ಕೂತು ಕಿಟಕಿಯನ್ನು ದಿಟ್ಟಿಸಿ ಲೆಕ್ಕ ಹಾಕಿದರು. ಬಲಕ್ಕೆ ಒಂದೇ ಗೇಣು ಗೋಡೆ. ಅಲ್ಲಿಗೆ ಕೋಣೆ ಮುಗಿದು ಅಡ್ಡಗೋಡೆ, ಅದರಾಚೆ ಸ್ನಾನದ ಮನೆ. ಎಡಕ್ಕೋ ಬೇಕಾದಷ್ಟು ಜಾಗ. ಸರಿ, ಎಡಕ್ಕೆ ಎರಡು ಮೊಳ!

"ಏನಾದರೂ ಮಾಡ್ಕೊಳ್ಳಿ. ನನ್ನ ಮಿಷನ್ ಮೇಲೆ ಮಾತ್ರ ಧೂಳು ಬೀಳಕೂಡದು. ಹೊರಗಿನಿಂದ ಒಡೀರಿ," ಎಂದು ಮನೆಯಾಕೆ ಕಿಟಕಿಗೂ ಒಳಗಿನಿಂದ ದಪ್ಪ ಚಾದರ ಇಳಿಬಿಟ್ಟು ಅಡುಗೆಮನೆಗೆ ನಡೆದರು.

ಮೂಗಿಗೆ ಬಟ್ಟೆ, ಕಿವಿಗೆ ಹತ್ತಿ, ತಲೆಗೆ ಟವೆಲ್ಲು. ಹೀಗೆ ಸರ್ವಸನ್ನದ್ಧರಾದ ರಾಯರು "ಎಡಕ್ಕೆ ಎರಡು ಮೊಳ, ಎಡಕ್ಕೆ ಎರಡು ಮೊಳ" ಎಂದು ಜಪಿಸುತ್ತ ಮನೆ ಸುತ್ತಿಕೊಂಡು ಪಕ್ಕದ ಓಣಿಗೆ ಬಂದರು. ಕಿಟಕಿಗೆ ಎದುರಾಗಿ ನಿಂತು, ಎಡಗೈ ಚಾಚಿ ಅಳೆದು, ಗೋಡೆಯ ಮೇಲೆ ಕೆಂಪು ಗೆರೆ ಎಳೆದರು. ಗೆರೆ ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ಆದರೆ ಒಂದು ಸಣ್ಣ ಸಂಗತಿ. ಮನುಷ್ಯ ಒಳಗಿನಿಂದ ಹೊರಗೆ ಬಂದು ತಿರುಗಿ ನಿಂತರೆ, ಅವನ ಎಡವೂ ಅವನ ಜೊತೆಗೇ ತಿರುಗಿ ನಿಂತುಬಿಡುತ್ತದೆ!

ಮೊದಲ ಒಂದು ಗೇಣು ಬೆಣ್ಣೆಯಂತೆ ಬಿಟ್ಟುಕೊಂಡಿತು. ಆಮೇಲೆ ಗೋಡೆ ಹಠ ಹಿಡಿಯಿತು. ಉಳಿ ಎಷ್ಟು ಒಳಗೆ ಹೋದರೂ ಇಟ್ಟಿಗೆಯ ಹಿಂದೆ ಇಟ್ಟಿಗೆ, ಅದರ ಹಿಂದೆ ಮತ್ತೊಂದು ಇಟ್ಟಿಗೆ. ಅವರು ಅಡ್ಡಗೋಡೆಯನ್ನು ಉದ್ದಕ್ಕೆ ಕೊರೆಯುತ್ತಿದ್ದರು.

"ಭೇಷ್! ಹಳೇ ಕಾಲದ ಕೆಲಸ ಅಂದರೆ ಇದು. ಮನೆಯಲ್ಲ, ಕೋಟೆ!" ಎಂದು ಮೆಚ್ಚಿಕೊಂಡ ರಾಯರು, ಕೋಟೆಯನ್ನು ಬಳಸಿ ಇನ್ನಷ್ಟು ಎಡಕ್ಕೆ ಸರಿದು ಸುತ್ತಿಗೆ ಬೀಸಿದರು.

ಗೋಡೆಯಾಚೆ, ಸ್ನಾನದ ಮನೆಯಲ್ಲಿ, ಅವರ ಮಾವ ಇದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು. ಈಗ ಮಗಳ ಮನೆಯಲ್ಲೇ ವಾಸ. ತಲೆಗೆ ನೀರು ಸುರಿದುಕೊಳ್ಳುವುದೂ "ಒಂದ್! ಎರಡ್!" ಎಂಬ ಕವಾಯತಿನ ತಾಳಕ್ಕೇ.

ಟಕ್, ಟಕ್.

"ಒಳಗಿದ್ದೀನಿ!" ಎಂದರು ಮಾವ.

ಟಕ್, ಟಕ್, ಟಕ್.

"ಒಳಗಿದ್ದೀನಿ ಅಂದೆನಲ್ಲ! ಮುಖಕ್ಕೆ ಸೋಪು ಹಚ್ಚಿದ್ದೀನಿ!"

ಧಡ್! ಧಡ್!

"ಅಷ್ಟು ಅವಸರ ಇದ್ದವರು ಮೊದಲೇ ಬರಬೇಕಿತ್ತು! ಶಿಸ್ತು ಅನ್ನೋದು ಬೇಡವಾ?"

ಉತ್ತರವಾಗಿ ಒಂದು ಇಟ್ಟಿಗೆ ಬಂದು ಬಕೆಟ್ಟಿಗೆ ಬಿತ್ತು. ಮಾವ ಕಣ್ಣಿನ ನೊರೆ ಒರೆಸಿಕೊಂಡು ನೋಡಿದರೆ, ಬಾಗಿಲು ಹಾಕಿದ ಹಾಗೇ ಇದೆ, ಗೋಡೆ ತೆರೆದುಕೊಂಡಿದೆ! ತೂತಿನಾಚೆ ಒಬ್ಬ ಮುಸುಕುಧಾರಿ.

"ಕಳ್ಳ! ಕಳ್ಳ!"

ರಾಯರು ಗಡಬಡಿಸಿ ಮೂಗಿನ ಬಟ್ಟೆ ಇಳಿಸಿ, ಕಿವಿಯ ಹತ್ತಿ ಕಿತ್ತರು. "ನಾನು, ಮಾವ! ನಿಮ್ಮ ಅಳಿಯ!"

"ಅಳಿಯಂದಿರೇ, ಏನ್ರೀ ಇದು?"

"ಕಿಟಕಿ, ಮಾವ."

"ಸ್ನಾನದ ಮನೆಗಾ?"

"ಅಲ್ಲ... ನೀವು ನಮ್ಮ ಮಲಗೋ ಕೋಣೇಲಿ ಯಾಕೆ ಸ್ನಾನ ಮಾಡ್ತಿದ್ದೀರಿ?"

ಮಾವ ಉತ್ತರ ಕೊಡುವ ಮೊದಲೇ ಮೇಲಿನಿಂದ ಕರಕರ ಸದ್ದು. ಹಳೆಯ ಕಿಟಕಿಯ ನೆತ್ತಿಯಲ್ಲಿ ಭಾರ ಹೊರಲು ಒಂದು ಲಿಂಟಲ್ ಇತ್ತು. ಅದು ಹಳೆಯ ಕಿಟಕಿಯಷ್ಟೇ ಅಗಲ. ಹೊಸ ತೂತಿನ ಮೇಲಿದ್ದ ಇಟ್ಟಿಗೆಗಳಿಗೆ ಆಸರೆ ಗಾಳಿಯೊಂದೇ. ಒಂದು ಜಾರಿತು. "ತಡಿ, ನಾನೂ ಬಂದೆ" ಎಂದು ಅದರ ಪಕ್ಕದ್ದು. ಆಮೇಲೆ ಇಡೀ ಬಂಧುಬಳಗ!

"ಹಿಂದೆ... ತಿರುಗ್!" ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಂಡ ಮಾವ ಟವೆಲ್ಲಿನ ಸಮೇತ ಬಾಗಿಲಾಚೆ ನೆಗೆದರು. ರಾಯರು ಓಣಿಯ ಆಚೆ ಬದಿಗೆ ಹಾರಿದರು. ಧೂಳು ಇಳಿದಾಗ ಗೋಡೆಯಲ್ಲಿ ಆನೆ ನುಗ್ಗುವಷ್ಟು ಕಂಡಿ. ನಟ್ಟನಡುವೆ ಅಡ್ಡಗೋಡೆಯ ಅಂಚು. ಬಲಗಡೆ ಹೊಲಿಗೆ ಕೋಣೆಯ ಚಾದರ, ಎಡಗಡೆ ಮಾವನ ಬಕೆಟ್ಟು.

ಮನೆಯಾಕೆ ಓಡಿ ಬಂದರು. ಮೊದಲು ಅಪ್ಪನ ಮೈಕೈ ಮುಟ್ಟಿ ನೋಡಿದರು, ಆಮೇಲೆ ಗಂಡನದ್ದು. ಇಬ್ಬರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಬಾಯಿ ತೆರೆದರು.

"ರೀ, ಮನೆ ಕಡೆ ಮುಖ ಮಾಡಿ ಎಡಗೈ ಎತ್ತಿ."

ರಾಯರು ಎತ್ತಿದರು.

"ಈಗ ಹಾಗೇ ತಿರುಗಿ ನಿಲ್ಲಿ."

ತಿರುಗಿದರು. ಕೈಯೂ ತಿರುಗಿತು. ರಾಯರು ಕೈ ನೋಡಿದರು, ಗೋಡೆ ನೋಡಿದರು, ಮತ್ತೆ ಕೈ ನೋಡಿದರು.

"ಅಚ್ಚಿನ ದೋಷ," ಎಂದರು, ತಮಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ.

ಮೇಸ್ತ್ರಿ ಬಂದೇ ಬರಬೇಕಾಯಿತು. ಕಂಡಿಯನ್ನು ನೋಡಿ ತಲೆ ಕೆರೆದುಕೊಂಡ. "ಇದನ್ನ ಯಾರಮ್ಮಾ ಒಡೆದಿದ್ದು?"

"ಕರಡಿ ನುಗ್ಗಿತ್ತಪ್ಪ," ಎಂದರು ಮನೆಯಾಕೆ, ಮುಖದಲ್ಲಿ ನಗೆಯ ಎಳೆಯೂ ಇಲ್ಲದೆ.

ಮೇಸ್ತ್ರಿ ಊರುಗೋಲು ಕೊಟ್ಟು ಗೋಡೆ ನಿಲ್ಲಿಸಿ, ಉದ್ದನೆಯ ಲಿಂಟಲ್ ಕೂರಿಸಿದ. ಸ್ನಾನದ ಮನೆಯ ಕಡೆಯ ಕಂಡಿಯನ್ನು ಮುಚ್ಚಲು ಇಟ್ಟಿಗೆ ಎತ್ತಿಕೊಂಡದ್ದೇ ತಡ, ಮಾವ ಅಡ್ಡ ನಿಂತರು.

"ನಿಲ್ಲು! ಇಷ್ಟು ವರ್ಷ ಕತ್ತಲಲ್ಲಿ ನೀರು ಸುರ್ಕೊಂಡಿದ್ದೀನಿ. ಬೆನ್ನಿಗೆ ಬಿಸಿಲು ಬೀಳೋ ಸ್ನಾನ ನನಗೆ ಸಿಕ್ಕಿದ್ದೇ ಇವತ್ತು. ಇದನ್ನ ಮುಚ್ಚಿದರೆ ನಾನು ಸ್ನಾನಾನೇ ಮಾಡಲ್ಲ!"

ಬೆದರಿಕೆ ದೊಡ್ಡದಾಗಿತ್ತು, ಇಡೀ ಮನೆಗೆ ಸಂಬಂಧಿಸಿದ್ದು. ಆ ಭಾಗಕ್ಕೆ ಮಸುಕು ಗಾಜು ಬಂತು. ಇನ್ನೊಂದು ಬದಿಗೆ ಕೈ ಹಾಕಿದರೆ ಗೋಡೆ ತಡೆಯದು ಎಂದು ಮೇಸ್ತ್ರಿ ಹೇಳಿದ್ದರಿಂದ, ಮಲಗುವ ಕೋಣೆಯ ಪಾಲಿಗೆ ದಕ್ಕಿದ್ದು ಒಂದೇ ಒಂದು ಗೇಣು. ಆದರೆ ಆ ಗೇಣಗಲದ ಬೆಳಕು ನೇರವಾಗಿ ಬಂದು ಕೂತದ್ದು ಮಿಷನ್ನಿನ ಮೇಲೆ. ಮನೆಯಾಕೆ ಕೂತಲ್ಲೇ ಒಂದೇ ಸಲಕ್ಕೆ ದಾರ ಪೋಣಿಸಿದ್ದನ್ನು ರಾಯರು ಬಾಗಿಲ ಸಂದಿಯಿಂದ ಕಂಡರು. ಬಾಡಿದ್ದ ಮೀಸೆ ಮೆಲ್ಲಗೆ ಮೇಲೆದ್ದಿತು.

ಅದು ಪೂರ್ತಿ ನೆಟ್ಟಗಾದದ್ದು ಪಕ್ಕದ ಮನೆಯಾಕೆಯಿಂದ. ಆಕೆ ಆಗಷ್ಟೇ ಪರವೂರಿನಿಂದ ಮರಳಿದ್ದರು, ನಡೆದದ್ದೇನೂ ಗೊತ್ತಿಲ್ಲ. ಓಣಿಯಲ್ಲಿ ನಿಂತು, ಈ ತುದಿಯಿಂದ ಆ ತುದಿಯವರೆಗೆ ಹಬ್ಬಿದ್ದ ಹೊಸ ಕಿಟಕಿಯನ್ನು ಬಾಯಿ ತೆರೆದು ನೋಡಿದರು.

"ಅಬ್ಬಾ! ಅರಮನೆ ಕಿಟಕಿ ಇದ್ದ ಹಾಗಿದೆಯಲ್ರೀ! ಯಾರು ಒಡೆದಿದ್ದು?"

"ನಾನೇ," ಎಂದರು ರಾಯರು, ಎದೆ ಉಬ್ಬಿಸಿ. "ಮೇಸ್ತ್ರಿ ಏನೋ ಆಮೇಲೆ ಅಲ್ಪಸ್ವಲ್ಪ ಕೈ ಜೋಡಿಸಿದ, ಅಷ್ಟೇ."

"ಹಾಗಾದರೆ ನಮ್ಮ ಮನೆಗೂ ಒಂದು ಸಲ ಬರ್ತೀರಾ? ನಮ್ಮ ಮಲಗೋ ಕೋಣೇನೂ ಕತ್ತಲೆ ಗವಿ."

ರಾಯರು ಉದಾರವಾಗಿ ಬಾಯಿ ತೆರೆದರು. ಅಷ್ಟರಲ್ಲಿ ಹೊಸ ಕಿಟಕಿಯ ಬಲಗಡೆಯಿಂದ ಮನೆಯಾಕೆಯ ಮುಖ ಹೊರಬಂತು.

"ಅದಕ್ಕೇನಂತೆ, ಧಾರಾಳವಾಗಿ ಕಳಿಸ್ತೀನಿ. ಆದರೆ ಇವರು ಬರೋಕೆ ಮೊದಲು ನಿಮ್ಮ ಮನೇಲಿ ಎಲ್ಲರದ್ದೂ ಸ್ನಾನ ಮುಗಿದಿರಲಿ!"